ಕಾಸರಗೋಡಿಗೆ ಹೊಸದಾಗಿ ಬಂದಿದ್ದೀರಾ? ಬುಧವಾರ ಸಂಜೆ ಮೀಟಿಂಗಿಗೆ ಬನ್ನಿ

ಕಾಸರಗೋಡಿಗೆ ವರ್ಗವಾಗಿ ಬರುವ ಕನ್ನಡದವರು ಮೊದಲ ಕೆಲವು ತಿಂಗಳು ಒಂದೇ ತರ ಬದುಕುತ್ತಾರೆ. ಶುಕ್ರವಾರ ಸಂಜೆ ಮಂಗಳೂರಿನ ರೈಲು ಹತ್ತುವುದು, ಸೋಮವಾರ ಬೆಳಿಗ್ಗೆ ವಾಪಸ್ ಇಳಿಯುವುದು. ನಡುವಿನ ಸಂಜೆಗಳೆಲ್ಲ ಬಾಡಿಗೆ ಮನೆಯ ನಾಲ್ಕು ಗೋಡೆಯ ಒಳಗೆ. 19 ವರ್ಷದ ಹಿಂದೆ ಹಾಸನದ ಕಡೆಯಿಂದ ಬ್ಯಾಂಕ್ ಕೆಲಸಕ್ಕೆ ಬಂದಾಗ ನಾನೂ ಹೀಗೇ ಇದ್ದೆ. ಆರನೇ ತಿಂಗಳಲ್ಲಿ ನಮ್ಮ ಬ್ಯಾಂಕಿನ ಗ್ರಾಹಕರೊಬ್ಬರು, ಅಡಿಕೆ ವ್ಯಾಪಾರಿ, ಕೌಂಟರಿನಲ್ಲಿ ನಿಂತು ಕೇಳಿದರು: "ಬುಧವಾರ ಸಂಜೆ ಎಂತ ಮಾಡ್ತೀರಿ ನೀವು?" ಏನೂ ಇಲ್ಲ ಎಂದೆ. ಅವರು ತಮ್ಮ ರೋಟರಿ ಕ್ಲಬ್ಬಿನ ಮೀಟಿಂಗಿಗೆ ಕರೆದುಕೊಂಡು ಹೋದರು. ನಿವೃತ್ತಿಯಾದ ಮೇಲೂ ನಾನು ಇಲ್ಲೇ ಉಳಿದೆ. ಅದಕ್ಕೆ ಕಾರಣ ಆ ಬುಧವಾರಗಳು.

ಬ್ಯಾಂಕು, ರೈಲ್ವೆ, ತೋಟಬೆಳೆಗಳ ಸಂಶೋಧನೆ ಮಾಡುವ ಸಿಪಿಸಿಆರ್‌ಐ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಹೀಗೆ ಎಲ್ಲೆಲ್ಲಿಗೋ ನಮ್ಮವರು ಬರುತ್ತಲೇ ಇರುತ್ತಾರೆ. ನನ್ನ ಬಳಿ ಮನೆ, ಗ್ಯಾಸು, ಮಕ್ಕಳ ಶಾಲೆ ಎಂದು ವಿಚಾರಿಸುತ್ತಾರೆ. ಅದೆಲ್ಲ ಹೇಗೋ ಆಗುತ್ತದೆ. ಊರು ಮಾತ್ರ ತಾನಾಗಿ ಪರಿಚಯ ಆಗುವುದಿಲ್ಲ. ಅದಕ್ಕೆ ನನಗೆ ಗೊತ್ತಿರುವ ದಾರಿ ಇದೊಂದೇ, ಅದನ್ನೇ ಹೇಳುತ್ತೇನೆ.

ರೋಟರಿ ಶುರುವಾದದ್ದೇ ಹೊಸಬನೊಬ್ಬನ ಒಂಟಿತನದಿಂದ. ಪಾಲ್ ಹ್ಯಾರಿಸ್ ಎಂಬ ವಕೀಲ ವರ್ಮಾಂಟಿನ ಸಣ್ಣ ಊರಿನಲ್ಲಿ ಬೆಳೆದವರು, 1896ರಲ್ಲಿ ಷಿಕಾಗೋ ಸೇರಿದರು. ಅಷ್ಟು ದೊಡ್ಡ ಪಟ್ಟಣದಲ್ಲಿ ಕಕ್ಷಿದಾರರು ಇದ್ದರು, ಗೆಳೆಯರು ಇರಲಿಲ್ಲ. 1905ರ ಫೆಬ್ರವರಿ 23ರಂದು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ, ಇವರ ಜೊತೆ ಸೇರಿ ಮೊದಲ ಮೀಟಿಂಗ್ ಮಾಡಿದರು. ವಾರವಾರ ಸರದಿಯಂತೆ ಒಬ್ಬೊಬ್ಬರ ಆಫೀಸಿನಲ್ಲಿ ಕೂಡುತ್ತಿದ್ದರಿಂದ ರೋಟರಿ ಎಂಬ ಹೆಸರು ಬಂತು. ಎರಡು ವರ್ಷದ ನಂತರ ಅವರು ಕೈಗೆತ್ತಿಕೊಂಡ ಮೊದಲ ಊರ ಕೆಲಸ ಸಾರ್ವಜನಿಕ ಶೌಚಾಲಯದ್ದು. ಮೊದಲು ಸ್ನೇಹ, ಆಮೇಲೆ ಸೇವೆ. ಇವತ್ತಿಗೂ ಅದೇ ಕ್ರಮದಲ್ಲಿ ನಡೆದರೆ ಕ್ಲಬ್ಬು ಚೆನ್ನಾಗಿರುತ್ತದೆ ಎಂದು ನಾನು ನಂಬಿದ್ದೇನೆ.

ರೋಟರಿಯೇ ಆಗಬೇಕೆಂದಿಲ್ಲ. ಇಂಥದೇ ಸೇವಾ ಕ್ಲಬ್ಬು ಲಯನ್ಸ್ ಇದೆ. 40 ದಾಟದವರಿಗೆ ಜೇಸೀಸ್ ಇದೆ. 18 ತುಂಬಿದ ಮಕ್ಕಳಿದ್ದರೆ ಅವರಿಗೆ ರೋಟರಿಯದೇ ಯುವಜನರ ಕ್ಲಬ್ಬು ರೋಟರ‍್ಯಾಕ್ಟ್. ನಿಮ್ಮ ಮನೆಗೆ ಯಾವುದು ಹತ್ತಿರವೋ ಅದನ್ನು ಸೇರಿ. ವಾರವಾರ ಹೋಗಲು ಆಗುವುದು ಹತ್ತಿರ ಇದ್ದರೆ ಮಾತ್ರ.

ಮೀಟಿಂಗಿಗೆ ಮೊದಲ ಸಲ ಅತಿಥಿಯಾಗಿ ಬನ್ನಿ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ, ಪ್ರಾರ್ಥನೆ ಆಗುತ್ತದೆ, ಹುಟ್ಟುಹಬ್ಬ ಇದ್ದವರಿಗೆ ಶುಭಾಶಯ ಹೇಳುತ್ತಾರೆ, ಕಾರ್ಯದರ್ಶಿ ವರದಿ ಓದುತ್ತಾರೆ, ಯಾರಾದರೂ ಒಬ್ಬರು ಅರ್ಧ ಗಂಟೆ ಮಾತಾಡುತ್ತಾರೆ, ಕೊನೆಗೆ ರಾಷ್ಟ್ರಗೀತೆ. ಆಮೇಲೆ ಚಹಾ, ಪರಿಪ್ಪು ವಡೆ (ಬೇಳೆ ವಡೆ) ಅಥವಾ ಪಯಂಪೊರಿ (ಬಾಳೆಹಣ್ಣಿನ ಬಜ್ಜಿ). ರಂಜಾನ್ ತಿಂಗಳಲ್ಲಿ ಇಫ್ತಾರ್ ಮುಗಿಸಿ ಬರುವವರಿಗಾಗಿ ಹೊತ್ತು ಮುಂದೆ ಹೋಗುತ್ತದೆ. ಹರತಾಳದ ದಿನ ಮೀಟಿಂಗೇ ಇಲ್ಲ.

ಶಿಷ್ಟಾಚಾರ ನೋಡಿ ಹೆದರಬೇಡಿ. ನಿಜವಾದ ಮೀಟಿಂಗು ನಡೆಯುವುದು ಚಹಾದ ಹೊತ್ತಿನಲ್ಲಿ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಶಾಲೆಯ ಮಾಡು ಸೋರುತ್ತಿದೆ, ಮಂಗಳೂರಿನ ಆಸ್ಪತ್ರೆಯಲ್ಲಿರುವ ಯಾರಿಗೆ ನಾಳೆ ರಕ್ತ ಬೇಕು, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಗಡಿಯಾರ ನೋಡಿ ರಾಷ್ಟ್ರಗೀತೆ ಮುಗಿದ ಕೂಡಲೇ ಹೊರಟುಬಿಟ್ಟರೆ ಏನೂ ಸಿಗುವುದಿಲ್ಲ. 2016ರಲ್ಲಿ ರೋಟರಿಯ ನಿಯಮ ಸಡಿಲವಾಯಿತು, ತಿಂಗಳಿಗೆ ಎರಡು ಸಲ ಸೇರಿದರೂ ಸಾಕು ಎಂದಾಯಿತು. ನಮ್ಮ ಕ್ಲಬ್ಬಿನಲ್ಲಿ ಅದರ ಬಗ್ಗೆ ಎರಡು ವಾರ ಚರ್ಚೆ ನಡೆದು, ಕೊನೆಗೆ ವಾರಕ್ಕೊಮ್ಮೆ ಎಂದೇ ಉಳಿಸಿಕೊಂಡೆವು. ಎರಡು ವಾರ ಕಾದರೆ ಕೆಲವು ಕಷ್ಟಗಳು ಕೈಮೀರಿ ಹೋಗಿರುತ್ತವೆ, ಅಲ್ವಾ?

ಕರೆಯುವ ರೀತಿಯ ಬಗ್ಗೆ ಒಂದು ಮಾತು. ವೇದಿಕೆಯಲ್ಲಿ ಎಲ್ಲರೂ ರೊಟೇರಿಯನ್. ಕೆಳಗಿಳಿದರೆ ಊರಿನ ಕ್ರಮ. ಶೆಟ್ರು, ಭಟ್ರು, ಡಾಕ್ಟ್ರು, ಮಾಷ್. ಮಲಯಾಳಿ ಹಿರಿಯರಿಗೆ ಚೇಟ್ಟ, ಹೆಂಗಸರಿಗೆ ಚೇಚ್ಚಿ. ಮುಸ್ಲಿಂ ಹಿರಿಯರ ಹೆಸರಿಗೆ ಇಚ್ಚ ಎಂದು ಸೇರಿಸುತ್ತಾರೆ. ಬರೀ ಹೆಸರು ಹಿಡಿದು ಕರೆಯುವುದು ಇಲ್ಲಿ ಚೆನ್ನಾಗಿ ಕೇಳಿಸುವುದಿಲ್ಲ.

ಗಂಡನ ವರ್ಗಾವಣೆಯಿಂದ ಬಂದ ಹೆಣ್ಣುಮಕ್ಕಳಿಗೂ ಹೇಳುತ್ತೇನೆ. ಸದಸ್ಯರ ಪತ್ನಿಯರನ್ನು ರೋಟರಿಯಲ್ಲಿ 'ಆ್ಯನ್' ಎನ್ನುವ ರೂಢಿ ಇದೆ. ಆದರೆ 1989ರಿಂದ ಹೆಂಗಸರು ನೇರವಾಗಿ ಸದಸ್ಯರಾಗಬಹುದು. ಆಗುವುದಾದರೆ ಸದಸ್ಯರಾಗಿಯೇ ಬನ್ನಿ. ಹಾಸಿಗೆ ಹಿಡಿದವರ ಮನೆಭೇಟಿಗಳಲ್ಲಿ ಹೆಂಗಸರು ಇಲ್ಲದೆ ಅರ್ಧ ಕೆಲಸ ನಡೆಯುವುದೇ ಇಲ್ಲ.

ಇನ್ನು ಭಾಷೆ. ಹೊಸಬರು ಹಿಂಜರಿಯುವುದು ಇದಕ್ಕೇ. ನಮ್ಮ ಕ್ಲಬ್ಬಿನ ಕಣ್ಣಿನ ತಪಾಸಣೆ ಶಿಬಿರಕ್ಕೆ ನಾನು ಮೊದಲ ಸಲ ಹೋದಾಗ ಏನಾಯಿತು ಕೇಳಿ. ಬಾಗಿಲಲ್ಲಿ ನಿಂತಿದ್ದ ತೆಂಕಣ ಜಿಲ್ಲೆಯ ಹುಡುಗನೊಬ್ಬ "ಡಾಕ್ಟರ್ ಇನ್ನಿಲ್ಲ" ಎಂದ. ನನ್ನ ಎದೆ ಧಸಕ್ ಎಂದಿತು. ಹಿಂದಿನ ರಾತ್ರಿ ತಾನೇ ಅವರ ಹತ್ತಿರ ಫೋನಿನಲ್ಲಿ ಮಾತಾಡಿದ್ದೆ! ಮಲಯಾಳದಲ್ಲಿ 'ಇನ್ನ್' ಅಂದರೆ ಇವತ್ತು. ಡಾಕ್ಟರು ಇವತ್ತು ಬಂದಿಲ್ಲ, ಅಷ್ಟೇ. ನನ್ನ ಪಕ್ಕದಲ್ಲಿದ್ದ ವರ್ಕಾಡಿ ಕಡೆಯ ಅಜ್ಜಿ ಮಾತ್ರ ಕಣ್ಣೊರೆಸಿಕೊಂಡು ಮನೆಗೆ ಹೊರಟೇಬಿಟ್ಟಿದ್ದರು. ಓಡಿಹೋಗಿ ಕರೆದುಕೊಂಡು ಬಂದೆ. ಹಾಗೆಯೇ, ಮಲಯಾಳಿಗಳ ನಡುವೆ ಹೆಸರಿನ 'ಪಟ್ಟಿ' ಎಲ್ಲಿ ಎಂದು ಕೇಳಬೇಡಿ. ಅವರಿಗೆ ಪಟ್ಟಿ ಎಂದರೆ ನಾಯಿ. ಲಿಸ್ಟ್ ಎನ್ನಿ.

ಆ ಅಜ್ಜಿಯನ್ನು ಕರೆತಂದ ದಿನವೇ ನನಗೆ ಒಂದು ವಿಷಯ ಹೊಳೆದದ್ದು. ಮಲಯಾಳ ಬರುವುದಿಲ್ಲ ಎಂದು ನಾನು ಕುಗ್ಗಿದ್ದೆ. ಆದರೆ ಅಲ್ಲಿ ಬೇಕಾಗಿದ್ದದ್ದು ಕನ್ನಡ ಬರುವ ಒಬ್ಬ ಮನುಷ್ಯ.

ಸ್ವಲ್ಪ ಹಿಂದಕ್ಕೆ ಹೋಗಬೇಕು. 1956ರ ನವೆಂಬರ್ 1ಕ್ಕೆ ಕೇರಳ ಸೇರುವವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಗೋವಿಂದ ಪೈಗಳ ಮಂಜೇಶ್ವರ, ಕಯ್ಯಾರ ಕಿಞ್ಞಣ್ಣ ರೈಗಳ ಬದಿಯಡ್ಕ ಇಲ್ಲೇ ಇರುವುದು. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ ಕನ್ನಡ ಶಾಲೆಗಳಲ್ಲಿ ಕಲಿತ ಸಾವಿರಾರು ಹಿರಿಯರಿದ್ದಾರೆ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ ಏನೇ ಆಡಲಿ, ಓದಲು ಬರೆಯಲು ಅವರಿಗೆ ಗೊತ್ತಿರುವುದು ಕನ್ನಡ. ಪಿಂಚಣಿ, ಚಿಕಿತ್ಸೆ, ಮನೆ ರಿಪೇರಿಯ ಅರ್ಜಿಗಳು ಕೈಗೆ ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ಭಾಷಾ ಅಲ್ಪಸಂಖ್ಯಾತರ ಪ್ರದೇಶಗಳಲ್ಲಿ ಕನ್ನಡದಲ್ಲೇ ಸರಕಾರಕ್ಕೆ ಬರೆಯಲು 1969ರ ಕೇರಳದ ಅಧಿಕೃತ ಭಾಷಾ ಕಾನೂನು ಅವಕಾಶ ಕೊಟ್ಟಿದೆ. ಆದರೆ ಬೇಕೆಂದು ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ನನ್ನ ಕಣ್ಣೆದುರೇ ಒಂದು ಕಚೇರಿಯಲ್ಲಿ, ಕನ್ನಡದಲ್ಲಿ ಅರ್ಜಿ ಬರೆದು ತಂದ ಮುದುಕರೊಬ್ಬರನ್ನು ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ನಮ್ಮ ಕ್ಲಬ್ಬಿನ ವಕೀಲರೊಬ್ಬರು ಜೊತೆಗೆ ಹೋದರು. ಅದೇ ಅರ್ಜಿ, ಅದೇ ಕನ್ನಡ, ತೆಗೆದುಕೊಂಡರು.

ಹಾಗಾಗಿ ನಮ್ಮ ಪ್ರತಿಯೊಂದು ಶಿಬಿರದಲ್ಲೂ ಈಗ ಒಂದು ಕನ್ನಡ ಮೇಜು ಇರುತ್ತದೆ. ಇಬ್ಬರು ಕೂರುತ್ತಾರೆ. ಒಬ್ಬರು ಮಲಯಾಳ ಓದಿ ಅರ್ಥ ಹೇಳುತ್ತಾರೆ, ಇನ್ನೊಬ್ಬರು ಕನ್ನಡದಲ್ಲಿ ಕೇಳಿ ತುಂಬಿಸುತ್ತಾರೆ. ಈ ಎರಡನೇ ಕುರ್ಚಿ ನಿಮ್ಮದು. ಮಾತ್ರೆ ಯಾವ ಹೊತ್ತಿಗೆ, ಊಟಕ್ಕೆ ಮೊದಲೋ ಆಮೇಲೋ ಎಂದು ಪೊಟ್ಟಣದ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಅದು ಸಣ್ಣ ಕೆಲಸ ಅಲ್ಲವೇ ಅಲ್ಲ. ನಾಲ್ಕೈದು ಶಿಬಿರ ಆಗುವಷ್ಟರಲ್ಲಿ ನಿಮಗೂ ಮಲಯಾಳ ಕಿವಿಗೆ ಹತ್ತುತ್ತದೆ.

ಕಣ್ಣಿನ ಶಿಬಿರ ಎಲ್ಲಿ ಮಾಡಬೇಕು ಎಂಬುದೇ ಒಮ್ಮೆ ದೊಡ್ಡ ವಾದ ಆಯಿತು. ಪೇಟೆಯಲ್ಲಿ ಮಾಡಿದರೆ ಡಾಕ್ಟರಿಗೆ, ನಮಗೆ ಸುಲಭ. ರೋಟರಿಯಲ್ಲಿ ನಾಲ್ಕು ಪ್ರಶ್ನೆಗಳ ಪರೀಕ್ಷೆ ಅಂತ ಒಂದಿದೆ, 1932ರಲ್ಲಿ ಹರ್ಬರ್ಟ್ ಟೇಲರ್ ಎಂಬವರು ಮುಳುಗುತ್ತಿದ್ದ ತಮ್ಮ ಪಾತ್ರೆ ಕಂಪನಿಯನ್ನು ಎತ್ತಲು ಬರೆದದ್ದು. ಇದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುತ್ತದೆಯೇ, ಎಲ್ಲರಿಗೂ ಒಳಿತೇ. ವಾದದ ನಡುವೆ ನಮ್ಮ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತು ಎರಡನೇ ಪ್ರಶ್ನೆ ಮಾತ್ರ ಕೇಳಿದರು. ಕಣ್ಣು ಕಾಣದ ಅಜ್ಜ ಎರಡು ಬಸ್ಸು ಬದಲಿಸಿ ಪೇಟೆಗೆ ಬರುವುದು ನ್ಯಾಯವೇ? ಶಿಬಿರ ಪೆರ್ಲಕ್ಕೆ ಹೋಯಿತು. ಇಂದಿಗೂ ಅಲ್ಲೇ ನಡೆಯುತ್ತದೆ.

ಪೆರ್ಲ ಎಂದಾಗ ಅದು ಇರುವ ಎಣ್ಮಕಜೆ ಪಂಚಾಯತಿನ ವಿಷಯ ಹೇಳಲೇಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಈ ಭಾಗದ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕೆಳಗೆ ಮನೆಗಳಿದ್ದವು, ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಕುಡಿಯುವ ಜನ ಇದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. 2017ರಲ್ಲಿ, ಅದರಿಂದ ಕಾಯಿಲೆ, ಅಂಗವೈಕಲ್ಯಕ್ಕೆ ತುತ್ತಾದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಆದರೆ ಇಪ್ಪತ್ತೈದು, ಮೂವತ್ತು ವರ್ಷದ ಮಗನನ್ನು ಇವತ್ತಿಗೂ ಎತ್ತಿ ಸ್ನಾನ ಮಾಡಿಸುವ ತಾಯಂದಿರು ಅಲ್ಲಿದ್ದಾರೆ. ಅವರಿಗೂ ವಯಸ್ಸಾಗುತ್ತಿದೆ. ರಾತ್ರಿ ನಿದ್ದೆ ಬಾರದೆ ಅವರು ಕೇಳುವ ಪ್ರಶ್ನೆ ಒಂದೇ: ನನ್ನ ನಂತರ ಇವನಿಗೆ ಯಾರು?

ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ಆರೈಕೆಗೆ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಗೆ, ಸರಕಾರದ್ದೇ ನೀತಿ ಇದೆ. ಪಂಚಾಯತಿನ ನರ್ಸ್ ಮನೆಮನೆಗೆ ಹೋಗುತ್ತಾರೆ, ಊರಿನ ಸ್ವಯಂಸೇವಕರು ಜೊತೆಗೆ ಹೋಗುತ್ತಾರೆ. ಕರ್ನಾಟಕದಿಂದ ಬಂದ ನನಗೆ ಇದು ಹೊಸದು. ನಮ್ಮ ಕ್ಲಬ್ಬಿನಿಂದ ತಿಂಗಳಿಗೆ ಎರಡು ಭಾನುವಾರ ಹೀಗೆ ಹೋಗುತ್ತೇವೆ. ವಾಟರ್ ಬೆಡ್, ಡೈಪರ್, ಹುಣ್ಣಿಗೆ ಹಚ್ಚುವ ಮುಲಾಮು ಒಯ್ಯುತ್ತೇವೆ. ನೀವು ಬರುವುದಾದರೆ ದಯವಿಟ್ಟು ನೆನಪಿಡಿ: ಫೋಟೋ ಬೇಡ. ಚೆಕ್ ಕೊಡುವ ಫೋಟೋ, ಗಾಲಿಕುರ್ಚಿಯ ಪಕ್ಕ ನಿಂತ ಫೋಟೋ, ಯಾವುದೂ ಬೇಡ. ಆ ಮನೆಗಳಲ್ಲಿ ಕ್ಯಾಮೆರಾ ಬೇಕಾದಷ್ಟು ಬಂದುಹೋಗಿವೆ. ಕೂತು ಅರ್ಧ ಗಂಟೆ ಸುಮ್ನೆ ಮಾತಾಡಿ. ಬೆಲ್ಲ ನೀರು ಕೊಟ್ಟರೆ ಬೇಡ ಎನ್ನಬೇಡಿ. ಮುಂದಿನ ತಿಂಗಳು ಬರುತ್ತೇನೆ ಎಂದು ಹೇಳುವುದಾದರೆ ಬರಲೇಬೇಕು. ಇಲ್ಲದಿದ್ದರೆ ಹೇಳಬೇಡಿ.

ಉಳಿದ ಕೆಲಸಗಳು ಬೇಗ ಕಲಿಯುವಂಥವು. ರಕ್ತದಾನ ನಮ್ಮಲ್ಲಿ ಜಾಸ್ತಿ, ಏಕೆಂದರೆ ದೊಡ್ಡ ಕಾಯಿಲೆಗೆ ಇಲ್ಲಿನ ಜನ 50 ಕಿಲೋಮೀಟರ್ ದೂರದ ಮಂಗಳೂರಿಗೇ ಓಡಬೇಕು. 18ರಿಂದ 65 ವರ್ಷದೊಳಗೆ, ಕನಿಷ್ಠ 45 ಕಿಲೋ ತೂಕ, ಹಿಮೋಗ್ಲೋಬಿನ್ 12.5 ಇದ್ದರೆ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಸೇರಿದ ದಿನವೇ ನಿಮ್ಮ ಗುಂಪು ಬರೆಸಿಬಿಡಿ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಮಾತ್ರೆಗಳನ್ನೇ ನಂಬಿದ್ದವರು ಕಂಗಾಲಾದರು. ಆಗ ಗಡಿಯ ಆಚೆಯ ಕ್ಲಬ್ಬಿನ ಗೆಳೆಯರು ಔಷಧಿ ತಂದು ಚೆಕ್‌ಪೋಸ್ಟಿನಲ್ಲಿ ಕೊಟ್ಟರು, ನಾವು ಮನೆಮನೆಗೆ ಮುಟ್ಟಿಸಿದೆವು. ಅವರಲ್ಲಿ ಎಷ್ಟೋ ಜನ ನಮಗೆ ಗೊತ್ತಿದ್ದದ್ದು, ನಮ್ಮಲ್ಲಿ ತಪ್ಪಿದ ಮೀಟಿಂಗಿನ ಬದಲು ಅವರಲ್ಲಿಗೆ ಹೋಗಿ ಹಾಜರಿ ತುಂಬಿಸುತ್ತಿದ್ದೆವಲ್ಲ, ಆ ಪರಿಚಯದಿಂದ.

ಪೋಲಿಯೊ ಭಾನುವಾರ ರೈಲ್ವೆ ಸ್ಟೇಷನ್ ಬೂತಿನಲ್ಲಿ ಕೂರಬೇಕು. ದೇಶದ ಕೊನೆಯ ಪ್ರಕರಣ 2011ರ ಜನವರಿ 13ರಂದು ಹೌರಾದಲ್ಲಿ ಸಿಕ್ಕಿದ್ದು. 2014ರಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರವೂ ಬಂತು. ಹಾಗಾದರೆ ಈಗ ಯಾಕೆ ಎಂದು ತಾಯಂದಿರು ಕೇಳುತ್ತಾರೆ. ವೈರಸ್ ನೆರೆದೇಶಗಳಲ್ಲಿ ಇನ್ನೂ ಇದೆ, ಅದಕ್ಕೆ ಎಂದು ಅವರ ಭಾಷೆಯಲ್ಲಿ ಹೇಳುವವರು ಬೇಕು. ಡಿಸೆಂಬರಿನಲ್ಲಿ ಏತಡ್ಕದ ಕಡೆ ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟ, ಅಂದರೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಕಟ್ಟುವ ಶ್ರಮದಾನ ಇರುತ್ತದೆ. ಇಷ್ಟು ಮಳೆ ಬೀಳುವ ಊರಿನಲ್ಲಿ ಮಾರ್ಚಿಗೆ ಬಾವಿ ಒಣಗುವುದನ್ನು ನೋಡಿದರೆ ಬಯಲುಸೀಮೆಯವರಿಗೆ ನಂಬಿಕೆ ಬರುವುದಿಲ್ಲ. ಹಳೆಯ ಪಂಚೆ ಉಟ್ಟು ಬನ್ನಿ, ಕೆಸರಾಗುತ್ತದೆ.

ದುಡ್ಡಿನ ಮಾತು ಮೊದಲೇ ಆಡಿಬಿಡಿ. ವರ್ಷದ ಚಂದಾ ಎಷ್ಟು, ಊಟದ ಖರ್ಚು ಬೇರೆಯೋ, ಪದಗ್ರಹಣದ ಸಮಾರಂಭಕ್ಕೆ ಎಷ್ಟು ಹಾಕಬೇಕು, ಎಲ್ಲವನ್ನೂ ಕಾರ್ಯದರ್ಶಿಯವರ ಹತ್ತಿರ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೈಗೆ ಮೀರಿದರೆ ಸದಸ್ಯರಾಗದೆ ಬರೀ ಕೆಲಸಕ್ಕೆ ಬನ್ನಿ. ಹಾಗೆ ಬರುವ ಇಬ್ಬರು ಮೇಷ್ಟರುಗಳು ನಮ್ಮಲ್ಲಿದ್ದಾರೆ, ಕನ್ನಡ ಮೇಜು ನಡೆಯುವುದೇ ಅವರಿಂದ. ಕ್ಲಬ್ಬಿನ ವರ್ಷ ಜುಲೈ 1ಕ್ಕೆ ಶುರು. ಸೇರುವುದಾದರೆ ಅದಕ್ಕೆ ಮೊದಲೇ ನಾಲ್ಕಾರು ಮೀಟಿಂಗು ನೋಡಿ ತೀರ್ಮಾನ ಮಾಡಿ.

ಮುಂದಿನ ಕಣ್ಣಿನ ಶಿಬಿರಕ್ಕೆ ಪೆರ್ಲಕ್ಕೆ ಹೊರಡುವುದು ಬೆಳಿಗ್ಗೆ ಏಳು ಗಂಟೆಗೆ, ಹೊಸ ಬಸ್‌ಸ್ಟ್ಯಾಂಡಿನ ಎದುರಿನಿಂದ. ಎರಡು ಪೆನ್ನು, ಓದುವ ಕನ್ನಡಕ, ಒಂದು ಕೊಡೆ ತನ್ನಿ. ನನ್ನ ಕಾರಿನಲ್ಲಿ ಒಂದು ಸೀಟು ಖಾಲಿ ಇದೆ.