ಪಿಟಿ ಮಾಡುವಾಗ ಮೂತ್ರ ಸೋರುತ್ತಾ? ನೀರು ಕುಡಿಯೋದು ಬಿಡಬೇಡಿ, ಹೀಗೆ ಮಾಡಿ

ಓಡುವಾಗ, ಹಗ್ಗ ಹಾರುವಾಗ, ಗೋಡೆ ಮೇಲಿಂದ ಜಿಗಿದಾಗ ಸ್ವಲ್ಪ ಮೂತ್ರ ಸೋರಿಬಿಡುತ್ತದೆ. ಸೇನೆಯಲ್ಲಿರುವ ಎಷ್ಟೋ ಹೆಣ್ಣುಮಕ್ಕಳಿಗೆ ಹೀಗಾಗುತ್ತದೆ, ಆದರೆ ಬ್ಯಾರಕ್‌ನಲ್ಲಿ ಪಕ್ಕದ ಮಂಚದವಳಿಗೂ ಹೇಳಿಕೊಳ್ಳುವುದಿಲ್ಲ. ಮಿಲಿಟರಿ ಪೊಲೀಸ್‌ನ ಮೊದಲ 83 ಮಹಿಳಾ ಸೈನಿಕರು 2021ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿದ್ದು ನಮ್ಮ ಬೆಂಗಳೂರಿನಲ್ಲೇ, ಈಗ ಅಗ್ನಿವೀರರಾಗಿ ಹೋಗುವ ಹುಡುಗಿಯರೂ ಇದ್ದಾರೆ. ಅವರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು ಅಲ್ವಾ?

ಹೆರಿಗೆ ಆದವರಿಗೆ ಮಾತ್ರ ಅಂದುಕೊಳ್ಳಬೇಡಿ, ಆಗದವರಿಗೂ ಬರುತ್ತದೆ. ಜಿಗಿದು ಕಾಲೂರಿದಾಗ, ಭಾರದ ಪ್ಯಾಕ್ ಎತ್ತಿದಾಗ ಹೊಟ್ಟೆಯ ಒತ್ತಡವೆಲ್ಲ ಮೂತ್ರಕೋಶದ ಮೇಲೆ ಬೀಳುತ್ತದೆ. ಅದನ್ನು ಕೆಳಗಿನಿಂದ ಹಿಡಿದಿರುವ ಸ್ನಾಯುಗಳು ಆ ಕ್ಷಣದಲ್ಲಿ ಬಿಗಿಯಾಗದಿದ್ದರೆ ಸೋರುತ್ತದೆ, ಅಷ್ಟೇ.

ಸೋರುತ್ತದೆ ಅಂತ ನೀರು ಕಡಿಮೆ ಮಾಡುವುದೇ ಎಲ್ಲಕ್ಕಿಂತ ಅಪಾಯ. ಅಮೆರಿಕದ ಮಹಿಳಾ ಸೈನಿಕರಲ್ಲೂ ಕೆಲವರು ಫೀಲ್ಡ್ ತರಬೇತಿಯಲ್ಲಿ ಇದೇ ಕಾರಣಕ್ಕೆ ನೀರು ಬಿಡುತ್ತಿದ್ದರು ಅಂತ ಅಲ್ಲಿನ ಅಧ್ಯಯನಗಳು ಹೇಳಿವೆ. ಬಿಸಿಲಿನಲ್ಲಿ ರೂಟ್ ಮಾರ್ಚ್ ಮಾಡುವವರಿಗೆ ಇದರಿಂದ ಉಷ್ಣಾಘಾತ ಆಗಬಹುದು. ಮೂತ್ರ ಗಟ್ಟಿಯಾಗಿ ಉರಿ, ಅವಸರ ಎರಡೂ ಜಾಸ್ತಿಯಾಗುತ್ತವೆ. ಮೂತ್ರ ತಿಳಿ ಹಳದಿ ಇರುವಷ್ಟು ನೀರು ಕುಡಿಯಿರಿ, ಬೇಕಿದ್ದರೆ ಚಹಾ, ಕಾಫಿ ಕಡಿಮೆ ಮಾಡಿ.

ಇನ್ನು ಸ್ನಾಯುವಿನ ವ್ಯಾಯಾಮ. ಗಾಳಿ ಹೋಗದಂತೆ ತಡೆಯುವಾಗ ಒಳಗೆ ಬಿಗಿಯಾಗುತ್ತದಲ್ಲ, ಅದನ್ನೇ ಮುಂದಿನವರೆಗೂ ಸೇರಿಸಿ ಮೇಲಕ್ಕೆ ಎಳೆದುಕೊಳ್ಳಿ. ಉಸಿರು ಹಿಡಿಯಬೇಡಿ, ತೊಡೆ, ಪೃಷ್ಠ ಬಿಗಿ ಮಾಡಬೇಡಿ. ಐದು ಸೆಕೆಂಡ್ ಹಿಡಿದು ಪೂರ್ತಿ ಸಡಿಲ ಬಿಡಿ, ಸಡಿಲ ಬಿಡುವುದೂ ಅಷ್ಟೇ ಮುಖ್ಯ. ಒಂದು ಸಲಕ್ಕೆ 8ರಿಂದ 10 ಬಾರಿ, ದಿನಕ್ಕೆ ಮೂರು ಸಲ. ನಿಧಾನವಾಗಿ ಹತ್ತು ಸೆಕೆಂಡ್‌ವರೆಗೆ ಹೋಗಿ, ಕೊನೆಗೆ ಕೆಲವು ಬಾರಿ ಫಟಾಫಟ್ ಬಿಗಿ ಮಾಡಿ ಬಿಡಿ. ಮೂತ್ರ ಮಾಡುತ್ತಾ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ, ಎರಡೇ ವಾರಕ್ಕೆ ಕೈಬಿಟ್ಟರೆ ಏನೂ ಗೊತ್ತಾಗುವುದಿಲ್ಲ.

ಕೆಮ್ಮುವ, ಜಿಗಿಯುವ, ಪ್ಯಾಕ್ ಎತ್ತುವ ಕ್ಷಣಕ್ಕಿಂತ ಮೊದಲೇ ಒಮ್ಮೆ ಬಿಗಿ ಮಾಡಿಕೊಳ್ಳಿ, ಎತ್ತುವಾಗ ಉಸಿರು ಹೊರಗೆ ಬಿಡಿ. ಮಲಬದ್ಧತೆ ಇದ್ದರೆ ಅದನ್ನೂ ಸರಿಮಾಡಿಕೊಳ್ಳಿ, ಮುಕ್ಕಿದಷ್ಟೂ ಈ ಸ್ನಾಯು ಸೋಲುತ್ತದೆ. ಸೋರುವುದು ಕಡಿಮೆಯಾಗುವವರೆಗೆ ಪ್ಯಾಡ್ ಹಾಕಿಕೊಳ್ಳಿ, ಒದ್ದೆಯಾದರೆ ಬದಲಿಸಿ.

ಉರಿ, ರಕ್ತ, ಜ್ವರ ಇದ್ದರೆ ಅಥವಾ ಕೆಳಗೆ ಏನೋ ಜಾರಿದಂತೆ ಅನಿಸಿದರೆ ಕಾಯಬೇಡಿ, ಎಂಐ ರೂಮ್‌ಗೆ (ಸೇನೆಯ ವೈದ್ಯಕೀಯ ತಪಾಸಣೆ ಕೊಠಡಿ) ಹೋಗಿ. ಮೂರು ತಿಂಗಳಾದರೂ ಕಡಿಮೆಯಾಗದಿದ್ದರೂ ಹೋಗಿ. ಸುಮ್ನೆ "ಹೊಟ್ಟೆನೋವು" ಅನ್ನಬೇಡಿ, "ಓಡುವಾಗ ಮೂತ್ರ ಸೋರುತ್ತದೆ" ಅಂತಲೇ ಹೇಳಿ, ಸ್ತ್ರೀರೋಗ ತಜ್ಞರನ್ನೋ ಫಿಸಿಯೋಥೆರಪಿಸ್ಟ್ ಅನ್ನೋ ನೋಡಬೇಕು ಅಂತ ಕೇಳಿ.