ಡ್ರಾಪ್ಸ್‌ಗೆ ಇಳಿಯದ ಕೆಂಪು ಕಣ್ಣು

ಕಣ್ಣು ಕೆಂಪಾಗಿದೆ. ಗೀಜು ಇಲ್ಲ, ತುರಿಕೆ ಇಲ್ಲ. ಡ್ರಾಪ್ಸ್ ಹಾಕಿ ವಾರಗಳಾದರೂ ಇಳಿದಿಲ್ಲ. ಇಂಥ ಕಣ್ಣು ಬಂದರೆ ನಾನು ಕೇಳುವುದು ಎರಡೇ ಪ್ರಶ್ನೆ: ತಲೆಗೆ ಪೆಟ್ಟು ಬಿದ್ದಿತ್ತಾ? ಕಿವಿಯಲ್ಲಿ ಏನಾದರೂ ಸದ್ದು ಬರುತ್ತಾ?

ಅರವತ್ತು ದಾಟಿದ ಒಬ್ಬ ಅಮ್ಮ ಬಂದಿದ್ದರು. ಮದ್ರಾಸ್ ಐ ಅಂದುಕೊಂಡು ಔಷಧಿ ಹಾಕಿದ್ದರು, ಥೈರಾಯ್ಡ್ ಪರೀಕ್ಷೆಯೂ ಆಗಿತ್ತು, ನಾರ್ಮಲ್. ಸದ್ದಿನ ಬಗ್ಗೆ ಕೇಳಿದ ಕೂಡಲೇ, "ಹೌದು ಡಾಕ್ಟ್ರೇ, ರಾತ್ರಿ ಮಲಗಿದ್ರೆ ಹುಸ್ ಹುಸ್ ಅಂತ ಕೇಳುತ್ತೆ. ವಯಸ್ಸಾಯ್ತಲ್ಲ, ಅದಕ್ಕೇ ಅಂದ್ಕೊಂಡಿದ್ದೆ" ಅಂದರು.

ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದರೆ ಬಿಳಿಗುಡ್ಡೆಯ ರಕ್ತನಾಳಗಳು ದಪ್ಪಗಾಗಿ, ಸುರುಳಿ ಸುತ್ತಿಕೊಂಡು ಕರಿಗುಡ್ಡೆಯ ಅಂಚಿನವರೆಗೂ ಬಂದಿದ್ದವು. ಸೋಂಕಿನ ಕೆಂಪು ಹೀಗಿರುವುದಿಲ್ಲ. ಕಣ್ಣಿನ ಒತ್ತಡ ಜಾಸ್ತಿ ಇತ್ತು. ಅಳೆಯುವಾಗ ಉಪಕರಣದಲ್ಲಿ ಕಾಣುವ ಗೆರೆಗಳು ನಾಡಿಯ ಜೊತೆಗೇ ಜೋರಾಗಿ ಅಲುಗುತ್ತಿದ್ದವು. ಮುಚ್ಚಿದ ರೆಪ್ಪೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟೆ, ಏನೂ ಕೇಳಲಿಲ್ಲ. ನನ್ನ ಅನುಮಾನ ಫಿಸ್ಟುಲಾ ಮೇಲೆ, ಅಂದರೆ ಅಪಧಮನಿ ಮತ್ತು ಅಭಿಧಮನಿಯ ನಡುವೆ ಇರಬಾರದ ಕೂಡುದಾರಿ. ರಕ್ತ ನಿಧಾನವಾಗಿ ಹರಿಯುವ ಫಿಸ್ಟುಲಾದಲ್ಲಿ ಹೊರಗೆ ಸದ್ದು ಕೇಳದೇ ಇರಬಹುದು. ಹಾಗಾಗಿ ಸದ್ದಿಲ್ಲ ಅಂತ ಸುಮ್ನೆ ಬಿಡಬಾರದು.

ಕಣ್ಣಿನ ಹಿಂದೆ, ಮೆದುಳಿನ ತಳದಲ್ಲಿ, ಕ್ಯಾವರ್ನಸ್ ಸೈನಸ್ ಅನ್ನುವ ಅಶುದ್ಧ ರಕ್ತದ ಮಡು ಇದೆ. ಕತ್ತಿನಿಂದ ಮೆದುಳಿಗೆ ಹೋಗುವ ಕ್ಯಾರೋಟಿಡ್ ಅಪಧಮನಿ ಅದರೊಳಗಿಂದಲೇ ಹಾದುಹೋಗುತ್ತದೆ. ಪೆಟ್ಟಿಗೆ ಆ ಅಪಧಮನಿ ಹರಿದರೆ ರಕ್ತ ರಭಸದಿಂದ ಮಡುವಿಗೆ ನುಗ್ಗುತ್ತದೆ. ಬೈಕಿನಿಂದ ಬಿದ್ದ ಹುಡುಗರಲ್ಲಿ ನಾವು ನೋಡುವುದು ಇದನ್ನೇ. ಕಣ್ಣು ಮುಂದೆ ಬಂದು ನಾಡಿಯ ಹಾಗೆ ಮಿಡಿಯುತ್ತದೆ. ವಯಸ್ಸಾದ ಹೆಂಗಸರಲ್ಲಿ ಸಾಮಾನ್ಯವಾಗಿ ಮೆದುಳಿನ ಹೊರಪೊರೆಯ ಸಣ್ಣ ಕವಲುಗಳು ತಾವಾಗಿಯೇ ಮಡುವಿಗೆ ಕೂಡಿಕೊಂಡಿರುತ್ತವೆ. ಎರಡರಲ್ಲೂ ಕಣ್ಣಿನಿಂದ ಹೊರಗೆ ಹೋಗಬೇಕಾದ ರಕ್ತ ಹಿಂದಕ್ಕೆ ಒತ್ತುತ್ತದೆ.

ಸಿಟಿಯಲ್ಲಿ ಕಣ್ಣಿನ ಮೇಲಿನ ಅಭಿಧಮನಿ ಉಬ್ಬಿತ್ತು. ಆದರೆ ಖಚಿತ ಮಾಡುವುದು ಡಿಎಸ್‌ಎ. ತೊಡೆಸಂದಿಯಿಂದ ಕ್ಯಾಥೆಟರ್ ಹಾಕಿ, ಡೈ ಬಿಟ್ಟು ನೋಡುವ ಪರೀಕ್ಷೆ. ರಕ್ತ ಮೆದುಳಿನ ಅಭಿಧಮನಿಗಳಿಗೂ ಹಿಂದೆ ಹೋಗುತ್ತಿದೆಯಾ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಹೋಗುತ್ತಿದ್ದರೆ ಕಾಯುವಂತಿಲ್ಲ, ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು.

ಸೌಮ್ಯವಾದ ಕೇಸುಗಳಲ್ಲಿ ಕೆಲವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆಯ್ದ ಕೆಲವರಿಗೆ ಕತ್ತಿನ ಅಪಧಮನಿಯನ್ನು ಒತ್ತುವುದನ್ನು ಕಲಿಸುತ್ತೇವೆ, ಅದೂ ಆ ನಾಳ ಕಿರಿದಾಗಿಲ್ಲ ಅಂತ ನೋಡಿಕೊಂಡ ಮೇಲೆ. ಎದುರು ಬದಿಯ ಕೈಯಿಂದಲೇ ಒತ್ತಬೇಕು. ಮೆದುಳಿಗೆ ರಕ್ತ ಕಡಿಮೆಯಾದರೆ ಆ ಕೈಯೇ ಸೋತು ಜಾರುತ್ತದೆ. ದಯವಿಟ್ಟು ಓದಿಕೊಂಡು ಮನೆಯಲ್ಲಿ ಮಾಡಬೇಡಿ.

ಈ ಅಮ್ಮನ ಒತ್ತಡ ಡ್ರಾಪ್ಸ್‌ಗೆ ಇಳಿಯಲಿಲ್ಲ, ಕಣ್ಣಿನ ನರಕ್ಕೆ ಹಾನಿಯಾಗುವ ಭಯವಿತ್ತು. ನರ ವಿಭಾಗದ ಸಹೋದ್ಯೋಗಿ ಅಭಿಧಮನಿಯ ದಾರಿಯಿಂದ ಮಡುವನ್ನು ತಲುಪಿ ಪ್ಲಾಟಿನಂ ಕಾಯಿಲ್ (ಸಣ್ಣ ತಂತಿ ಸುರುಳಿ) ತುಂಬಿದರು. ಅವತ್ತೇ ಸದ್ದು ನಿಂತಿತು.

ಮನೆಯವರಿಗೆ ಒಂದು ಮಾತು ಮೊದಲೇ ಹೇಳಿದ್ದೆ: ಕೆಲವು ದಿನ ಕಣ್ಣು ಇನ್ನೂ ಊದಬಹುದು, ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದರಿಂದ. ಊದಿತು ಕೂಡ. ಆದರೆ ಅಮ್ಮ ಗಾಬರಿಯಾಗಲಿಲ್ಲ, ದಿನಾ ಬಂದು ಒತ್ತಡ, ದೃಷ್ಟಿ ತೋರಿಸಿಕೊಂಡು ಹೋದರು. ಒಂದು ಎರಡಾಗಿ ಕಾಣುವುದು ಮಾತ್ರ ತಿಂಗಳುಗಟ್ಟಲೆ ಎಳೆಯಿತು. ಅಲ್ಲಿಯವರೆಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅಡುಗೆ ಮಾಡುತ್ತಿದ್ದರು.