ಮಲ್ಪೆಯ ಕೈಗಳಿಗೆ ಬೆರಳಚ್ಚು ಲಾಕ್ ಕೂರಿಸಿದ ಕತೆ

ಮಲ್ಪೆ ಮೀನುಗಾರಿಕೆ ಬಂದರಿನವರ ಫೋನಿಗೆ ಬೆರಳಚ್ಚು ಕೂರುವುದಿಲ್ಲ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಎಂದು ಉಡುಪಿಯ ಮೊಬೈಲ್ ಅಂಗಡಿಯವರೆಲ್ಲ ನನಗೆ ಹೇಳಿದವರೇ. ಈಗ ಅವರೇ ಗಿರಾಕಿಗಳನ್ನು ಮಲ್ಪೆಗೆ ಕಳಿಸುತ್ತಾರೆ.

ಮೊಬೈಲ್ ಅಂಗಡಿ ಇಟ್ಟ ನಿಮಗೂ ಸಮಸ್ಯೆ ಗೊತ್ತಿದ್ದದ್ದೇ. ಬಲೆ ಎಳೆದು, ಐಸ್ ಹೊತ್ತು, ಉಪ್ಪುನೀರಲ್ಲಿ ನೆನೆದ ಬೆರಳು ಸೆನ್ಸರಿಗೆ ದಿನಾ ಹೊಸ ಬೆರಳು. ನಾಲ್ಕೈದು ಸಲ ಒತ್ತಿ ಸಾಕಾದವನು ಕೋಡ್ ಹಾಕುತ್ತಾನೆ. ಗಳಿಗೆಗೊಮ್ಮೆ ಹಾಕಬೇಕಾದದ್ದಲ್ಲವಾ, ಹಾಗಾಗಿ 1234. ಇಲ್ಲವೇ ಬೋಟಿನ ನಂಬರ್, ಅದನ್ನು ಬೋಟಿನ ಮೈಮೇಲೇ ದೊಡ್ಡದಾಗಿ ಬರೆದಿರುತ್ತಾರೆ! ಬೆರಳು ಒಳ್ಳೆಯದೋ ಕೋಡ್ ಒಳ್ಳೆಯದೋ ಎಂದು ಜಗಳ ಆಡುವವರಿಗೆ ಇದು ಕಾಣುವುದಿಲ್ಲ. ಬೆರಳು ಕೈಕೊಟ್ಟರೆ ಕೋಡ್ ಕೂಡ ಕೆಡುತ್ತದೆ. ಬೆರಳು ಸರಿ ಕೂತರೆ ಆರಂಕಿಯ ಕೋಡಿಗೆ ಯಾರದೂ ತಕರಾರಿಲ್ಲ. ನಾಲ್ಕಂಕಿಯ ಹತ್ತು ಸಾವಿರ ಸಾಧ್ಯತೆ ಹತ್ತು ಲಕ್ಷ ಆಗುತ್ತದೆ.

ಮೊದಲು ದುಡ್ಡು ಹೋದದ್ದು ಗ್ಲಾಸಿಗೆ. ಡಿಸ್‌ಪ್ಲೇ ಒಳಗೇ ಸೆನ್ಸರ್ ಇರುವ ಫೋನುಗಳಿಗೆಂದು ಯುವಿ ಗ್ಲಾಸ್, ಅಂದರೆ ಯುವಿ ಬೆಳಕಿನಲ್ಲಿ ಅಂಟು ಗಟ್ಟಿಯಾಗುವ ಸ್ಕ್ರೀನ್ ಗಾರ್ಡ್, ತರಿಸಿದ್ದೆ, ನಾಲ್ಕು ನಾಲ್ಕೂವರೆ ಸಾವಿರದ್ದಿರಬೇಕು. ಅಂಟಿನಲ್ಲಿ ಚೂರು ಗಾಳಿ ಉಳಿದರೂ ಸೆನ್ಸರ್ ಕುರುಡು. ಅರ್ಧಕ್ಕರ್ಧ ಕಸಕ್ಕೆ ಹೋಯಿತು. ಈಗ ತೆಳು ಫಿಲ್ಮ್ ಮಾತ್ರ, ಅದನ್ನು ಹಾಕಿದ ಮೇಲೆ ಹಳೆಯ ಅಚ್ಚು ಅಳಿಸಿ ಹೊಸದು. 2019ರಲ್ಲಿ ಗ್ಯಾಲಕ್ಸಿ ಎಸ್10 ಮೇಲೆ ಕೆಲವು ಸಿಲಿಕಾನ್ ಕವರ್ ಇದ್ದರೆ ಬೇರೆಯವರ ಬೆರಳಿಗೂ ತೆರೆಯುತ್ತಿತ್ತು, ಸ್ಯಾಮ್‌ಸಂಗ್ ಅಪ್‌ಡೇಟ್ ಕೊಡಬೇಕಾಯಿತು. ಕವರ್ ಅಂದರೆ ಸಸಾರ ಮಾಡಬೇಡಿ.

ಹೆಬ್ಬೆರಳು ಬಿಟ್ಟುಬಿಡಿ. ಎಡಗೈ ಉಂಗುರ ಬೆರಳು ಸವೆಯುವುದು ಕಡಿಮೆ. ಅದನ್ನೇ ಎರಡು ಸಲ ತೆಗೆದುಕೊಳ್ಳಿ: ರಜೆಯಲ್ಲಿ ಒಣಗಿದ್ದಾಗ ಒಮ್ಮೆ, ದಕ್ಕೆಗೆ (ಬೋಟು ಕಟ್ಟುವ ಕಟ್ಟೆಗೆ) ಬಂದಿಳಿದ ದಿನ ತೊಳೆದು ಒರೆಸಿ, ಸುಕ್ಕು ಇರುವಾಗಲೇ ಇನ್ನೊಮ್ಮೆ. ಈ ಬೆರಳು ಆಗಲೇ ಇದೆ ಎಂದು ಫೋನ್ ಹೇಳಿದರೆ ಖುಷಿಪಡಿ, ಎರಡನೆಯದು ಬೇಕಿಲ್ಲ. ಅಚ್ಚು ತೆಗೆಯುವ ಮೊದಲು ಬೆರಳಿಗೆ ಹಚ್ಚುವ ಒಂದು ವಸ್ತು ಉಂಟು. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ. ಜಾಗ ಇದೆಯೆಂದು ಐದೂ ತುಂಬಿಸಬೇಡಿ. ಆಪಲ್‌ನವರದೇ ಲೆಕ್ಕದಲ್ಲಿ ಒಂದು ಬೆರಳಿದ್ದರೆ ಅನ್ಯರಿಗೆ ತೆರೆಯುವ ಸಾಧ್ಯತೆ 50,000ಕ್ಕೆ ಒಂದು, ಐದಾದರೆ 10,000ಕ್ಕೆ ಒಂದು.

ಬೆರಳು ಕೂತ ಮೇಲೆ ಹೊಸ ತಾಪತ್ರಯ. ಆಳಸಮುದ್ರದ ಬೋಟು ಹೋದರೆ ಎಂಟು ಹತ್ತು ದಿನ. ಆಂಡ್ರಾಯ್ಡ್ 72 ಗಂಟೆಗೊಮ್ಮೆ ಕೋಡ್ ಕೇಳುತ್ತದೆ, ಆಫ್ ಆಗಿ ಆನ್ ಆದರೂ ಕೇಳುತ್ತದೆ. ಬೆರಳಿನ ಸುಖದಲ್ಲಿ ಕೋಡ್ ಮರೆತವರಿಗೆ ರೀಸೆಟ್ ಬಿಟ್ಟು ಗತಿಯಿಲ್ಲ. "ನಿನ್ನ ಆರಂಕಿಯಿಂದ ಮಗಳ ಮದುವೆ ಫೋಟೋ ಎಲ್ಲ ಹೋಯ್ತಲ್ಲ ಮಾರಾಯ" ಎಂದು ಬೋಟು ನಡೆಸುವ ತಾಂಡೇಲರೊಬ್ಬರು ಬೈದರು. ಈಗ ಮೊದಲ ಒಂದು ವಾರ ಕೋಡ್ ಮಾತ್ರ, ಕೈಗೆ ರೂಢಿಯಾದ ಮೇಲೆ ಬೆರಳು. ಆಮೇಲೆ ಆ ಕೇಸ್ ಬಂದದ್ದು ನೆನಪಿಲ್ಲ.

ಬೋಟಿನಲ್ಲಿ ಹತ್ತಿರ ಹತ್ತಿರ ಮಲಗುವವರು. ನಿದ್ದೆಯಲ್ಲಿದ್ದವನ ಬೆರಳು ಫೋನಿಗೆ ಒತ್ತಿದರೆ ಅವನಿಗೆ ಎಂತ ಗೊತ್ತಾಗುತ್ತದೆ? ಮಲಗುವ ಮುಂಚೆ ಪವರ್ ಮೆನುವಿನ ಲಾಕ್‌ಡೌನ್ ಆಯ್ಕೆ ಒತ್ತಲು ಕಲಿಸುತ್ತೇನೆ. ಆಂಡ್ರಾಯ್ಡ್ 9ರಿಂದ ಉಂಟು, ಕೆಲವದರಲ್ಲಿ ಸೆಟ್ಟಿಂಗ್ಸಿನಲ್ಲಿ ಆನ್ ಮಾಡಬೇಕು. ಮತ್ತೆ ಕೋಡ್ ಹಾಕುವ ತನಕ ಬೆರಳು ನಡೆಯುವುದಿಲ್ಲ.

ಮಳೆಗಾಲದ ರಜೆಯಲ್ಲಿ ವ್ಯಾಪಾರವಿಲ್ಲದೆ ಮೇಣದ ಅಚ್ಚು, ಫೆವಿಕಾಲ್ ಹಿಡಿದು ನಕಲಿ ಬೆರಳು ಮಾಡಲು ಕೂತೆ. 2013ರಲ್ಲಿ ಐಫೋನ್ 5ಎಸ್ ಬಂದ ಕೆಲವೇ ದಿನಗಳಲ್ಲಿ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್‌ನವರು ನಕಲಿ ಬೆರಳಿನಿಂದ ತೆರೆದಿದ್ದರು. ನನ್ನದಕ್ಕೆ ಬೆನ್ನಲ್ಲಿ ಸೆನ್ಸರ್ ಇದ್ದ ಹಳೆಯ ಫೋನ್ ತೆರೆಯಿತು, ಶಬ್ದತರಂಗದಿಂದ ಬೆರಳು ಓದುವ ಅಲ್ಟ್ರಾಸಾನಿಕ್ ಸೆನ್ಸರಿನದು ಜಪ್ಪಯ್ಯ ಅನ್ನಲಿಲ್ಲ. ಇಷ್ಟು ಒದ್ದಾಡುವ ಕಳ್ಳ ದಕ್ಕೆಗೆ ಬರುವುದಿಲ್ಲ. ಅವನು ಹೆಗಲ ಮೇಲಿಂದ ಇಣುಕಿ 1234 ನೋಡಿಕೊಳ್ಳುತ್ತಾನೆ.

ಇದಿಷ್ಟಕ್ಕೆ ನೂರು ರೂಪಾಯಿ, ಇಡೀ ಬೋಟಿನವರು ಬಂದರೆ ಎಂಬತ್ತು. ಸಿಮ್‌ಗೂ ಪಿನ್ ಹಾಕಿಕೊಡುತ್ತೇನೆ, ಇಲ್ಲದಿದ್ದರೆ ಕದ್ದವನು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ಒಟಿಪಿ ತರಿಸಿಕೊಳ್ಳುತ್ತಾನೆ. ಮೂರು ಸಲ ತಪ್ಪಿದರೆ ಪಕ್ ಕೋಡ್ (PUK, ಲಾಕ್ ಆದ ಸಿಮ್ ಬಿಡಿಸಲು ಸಿಮ್ ಕಂಪನಿ ಕೊಡುವ ನಂಬರ್) ಕೇಳುತ್ತದೆ ಎಂದು ಗಿರಾಕಿಗೆ ಮೊದಲೇ ಹೇಳಿಬಿಡಿ, ಆಮೇಲೆ ಬೈಗುಳ ನಿಮಗೇ.